ಪುಟ್ಟ ಮೈಗೆ ಎಷ್ಟು ಕಿರಣ?

ಬೆಂಗಳೂರಿನ ಈ ಮಕ್ಕಳ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ವಿಭಾಗ ಇರುವುದು ನೆಲಮಹಡಿಯ ಹಿಂಬದಿಗೆ, ತುರ್ತು ಚಿಕಿತ್ಸಾ ಘಟಕದ ಬೆನ್ನಿಗೆ. ಸ್ಟ್ರೆಚರ್ ತಿರುಗುವಷ್ಟು ಅಗಲದ ಓಣಿ ದಾಟಿದರೆ ಸೀಸದ ಹಾಳೆ ಒಳಗಿಟ್ಟು ಮಾಡಿದ ಭಾರದ ಬಾಗಿಲು, ಅದರ ಮೇಲೊಂದು ಕೆಂಪು ದೀಪ. ಗೋಡೆಯಲ್ಲಿ ಮೂರು ದಳದ ವಿಕಿರಣ ಚಿಹ್ನೆ, ‘ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ’ ಎಂಬ ಫಲಕ, ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ಪರವಾನಗಿ. ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಈ ಕಾಗದವಿಲ್ಲದೆ ದೇಶದಲ್ಲಿ ಯಾವ ಸಿ.ಟಿ. ಯಂತ್ರವನ್ನೂ ನಡೆಸುವಂತಿಲ್ಲ. ಬೆಂಚುಗಳ ಮೇಲೆ ಚಿಂತಾಮಣಿ, ಮಾಗಡಿ, ಹಿಂದೂಪುರದ ಕಡೆಯಿಂದ ಬಂದವರು ಕೂತಿದ್ದಾರೆ. ಕೈಯಲ್ಲಿ ಹಳೆಯ ಫಿಲ್ಮುಗಳ ದೊಡ್ಡ ಕವರು, ಮಡಿಲಲ್ಲಿ ಅತ್ತು ಸುಸ್ತಾದ ಮಗು.

ಈ ಬಾಗಿಲ ಒಳಗೆ ಹೋಗಿಬರುವ ಮಗುವಿನ ಮೈಗೆ ಎಷ್ಟು ವಿಕಿರಣ ತಗಲಿತೆಂದು ಯಾರು ಲೆಕ್ಕ ಹಾಕುತ್ತಾರೆ, ಹೇಗೆ ಹಾಕುತ್ತಾರೆ, ಆ ಲೆಕ್ಕದಿಂದ ಮುಂದಿನ ಮಗುವಿಗೆ ಏನು ಉಪಯೋಗ ಎಂದು ನೋಡಲು ನಾನು ಬಂದಿದ್ದೇನೆ. ಮಕ್ಕಳ ವಿಷಯದಲ್ಲಿ ಈ ಲೆಕ್ಕ ಬೇಕೇ ಬೇಕು. ಬೆಳೆಯುವ ಮೈಯಲ್ಲಿ ಜೀವಕೋಶಗಳು ಬೇಗ ಬೇಗ ವಿಭಜನೆಯಾಗುತ್ತಿರುತ್ತವೆ, ಹಾಗಾಗಿ ವಿಕಿರಣದ ಪೆಟ್ಟಿಗೆ ಹೆಚ್ಚು ಈಡಾಗುತ್ತವೆ. ಆ ಪೆಟ್ಟು ಹತ್ತಿಪ್ಪತ್ತು ವರ್ಷದ ಮೇಲೆ ಕ್ಯಾನ್ಸರಾಗಿ ತಲೆಯೆತ್ತುವುದಿದ್ದರೆ, ಅಷ್ಟು ಆಯುಷ್ಯ ಮಗುವಿನ ಮುಂದಿದೆ. ದೊಡ್ಡವರ ದಪ್ಪ ಮೈಯಲ್ಲಿ ಹೊರಗಿನ ಮಾಂಸ ಕೊಬ್ಬುಗಳೇ ಒಂದಷ್ಟು ಕಿರಣವನ್ನು ಹೀರಿಕೊಂಡುಬಿಡುತ್ತವೆ. ಮಗುವಿನ ತೆಳು ಮೈಯಲ್ಲಿ ಅದು ನೇರ ಒಳಗಿನ ಅಂಗಗಳಿಗೆ ತಲುಪುತ್ತದೆ.

ಇದು ಬರೀ ಊಹೆಯಾಗಿದ್ದ ಕಾಲ ಕಳೆದಿದೆ. 2012ರಲ್ಲಿ ಬ್ರಿಟನ್ನಿನ ಸುಮಾರು 1,80,000 ಮಂದಿಯ ಅಧ್ಯಯನ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿ, ಚಿಕ್ಕಂದಿನ ಸಿ.ಟಿ. ಸ್ಕ್ಯಾನಿಗೂ ರಕ್ತದ ಕ್ಯಾನ್ಸರ್, ಮೆದುಳಿನ ಗೆಡ್ಡೆಗಳಿಗೂ ನಂಟು ತೋರಿಸಿತು. 2023ರಲ್ಲಿ ಯುರೋಪಿನ ಒಂಬತ್ತು ದೇಶಗಳ ಸುಮಾರು 9,48,000 ಮಂದಿಯ ದಾಖಲೆ ನೋಡಿದ ‘ಎಪಿ-ಸಿಟಿ’ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳಿತು: ಇಂದಿನ ಸಾಮಾನ್ಯ ಡೋಸ್‌ನಲ್ಲಿ 10,000 ಮಕ್ಕಳಿಗೆ ಸ್ಕ್ಯಾನ್ ಮಾಡಿದರೆ ಮುಂದಿನ 12 ವರ್ಷಗಳಲ್ಲಿ ಅದರಿಂದಲೇ ರಕ್ತದ ಕ್ಯಾನ್ಸರ್ ಬರುವವರು ಒಬ್ಬರೋ ಇಬ್ಬರೋ. ಒಂದು ಮಗುವಿನ ಮಟ್ಟಿಗೆ ಇದು ಬಹಳ ಸಣ್ಣ ಅಪಾಯ. ಮೆದುಳಲ್ಲಿ ರಕ್ತ ಸೋರುತ್ತಿದೆಯೋ ಎಂದು ನೋಡಬೇಕಾದ ಹೊತ್ತಿನಲ್ಲಿ ಈ ಅಂಕಿಗೆ ಹೆದರಿ ಸ್ಕ್ಯಾನ್ ಬೇಡ ಎನ್ನುವ ತಂದೆತಾಯಿ ದೊಡ್ಡ ತಪ್ಪು ಮಾಡಿದಂತಾಗುತ್ತದೆ. ಆದರೆ ಸ್ಕ್ಯಾನಾಗುವ ಮಕ್ಕಳ ಸಂಖ್ಯೆ ಲಕ್ಷಗಳಿಗೆ ಏರಿದಾಗ ಆ ಒಬ್ಬರು ಇಬ್ಬರು ಸೇರಿ ಒಂದು ವಾರ್ಡೇ ತುಂಬುತ್ತದೆ.

ಬಾಗಿಲಿಗೆ ಮುಂಚೆ ಒಂದು ಮೇಜಿದೆ. ವಾರ್ಡಿನಿಂದ ಬಂದ ಸ್ಕ್ಯಾನ್ ಚೀಟಿಗಳೆಲ್ಲ ಮೊದಲು ಇಲ್ಲಿಗೆ. ಯುವ ರೇಡಿಯಾಲಜಿಸ್ಟ್ ಒಬ್ಬರು ಒಂದೊಂದನ್ನೂ ಓದಿ ಗುರುತು ಹಾಕುತ್ತಾರೆ. ಕೆಲವನ್ನು ಪಕ್ಕಕ್ಕಿಟ್ಟು ಫೋನು ಮಾಡುತ್ತಾರೆ: “ಸರ್, ಈ ಮಗೂಗೆ ನೆತ್ತಿ ಇನ್ನೂ ಮುಚ್ಚಿಲ್ಲ. ಅಲ್ಟ್ರಾಸೌಂಡಲ್ಲೇ ನೋಡಬಹುದಲ್ವಾ?” ಆ ಕಡೆಯವರು ಒಪ್ಪಿದಂತಿದೆ, ಚೀಟಿ ಅಲ್ಟ್ರಾಸೌಂಡ್ ಕೋಣೆಗೆ ಹೋಯಿತು. ಡೋಸ್ ಇಳಿಸುವ ಎಲ್ಲ ಉಪಾಯಗಳಲ್ಲಿ ಇದೇ ದೊಡ್ಡದು ಎಂದು ನನಗೆ ಇಲ್ಲೇ ಅನ್ನಿಸಿತು. ಮಾಡದೆ ಬಿಟ್ಟ ಸ್ಕ್ಯಾನಿನ ಡೋಸ್ ಸೊನ್ನೆ.

ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಮಕ್ಕಳ ಚೀಟಿಗಳೇ ಇಲ್ಲಿ ಕಷ್ಟದವು. ಯಾರಿಗೆ ಸ್ಕ್ಯಾನ್ ಬೇಕು, ಯಾರನ್ನು ಕೆಲ ತಾಸು ಇರಿಸಿಕೊಂಡು ಗಮನಿಸಿದರೆ ಸಾಕು? ಉತ್ತರ ಅಮೆರಿಕದ 25 ಆಸ್ಪತ್ರೆಗಳ 42,412 ಮಕ್ಕಳನ್ನು ನೋಡಿ 2009ರಲ್ಲಿ ರೂಪಿಸಿದ ‘ಪೆಕಾರ್ನ್’ ನಿಯಮದ ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಎರಡು ವರ್ಷದೊಳಗಿನ ಮಗು ಎಚ್ಚರವಾಗಿದೆಯೇ, ತಲೆಬುರುಡೆ ಮುರಿದದ್ದು ಕೈಗೆ ಸಿಗುತ್ತದೆಯೇ, ಹಣೆ ಬಿಟ್ಟು ಬೇರೆಡೆ ಬುಗುಟು ಎದ್ದಿದೆಯೇ, ಐದು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಪ್ರಜ್ಞೆ ತಪ್ಪಿತ್ತೇ, ಪೆಟ್ಟು ಬಿದ್ದ ರೀತಿ ಜೋರಾದದ್ದೇ? ಆರನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು: ಮಗು ಎಂದಿನ ಹಾಗೆ ಇದೆಯೇ ಎಂದು ಹೆತ್ತವರನ್ನು ಕೇಳಬೇಕು. ಮಾಗಡಿಯ ತಾಯಿ “ಇಲ್ಲ ಸಾರ್, ಅವ್ನು ಯಾವಾಗ್ಲೂ ಇಷ್ಟು ಸುಮ್ಮನಿರೋನಲ್ಲ” ಎಂದರೆ ಅದು ನಿಯಮದ ಒಂದು ಅಂಗವಾಗಿಯೇ ಲೆಕ್ಕಕ್ಕೆ ಸೇರುತ್ತದೆ. ಆರಕ್ಕೆ ಆರೂ ಉತ್ತರ ನಿಶ್ಚಿಂತೆಯದಾದರೆ ಚಿಕಿತ್ಸೆ ಬೇಕಾಗುವಂಥ ಮೆದುಳಿನ ಗಾಯ ಇರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ.

ಬಾಗಿಲು ತೆರೆಯಿತು. ಒಳಗೆ ತಂಪು. ನಡುವೆ ಗ್ಯಾಂಟ್ರಿ, ಅಂದರೆ ಆಳೆತ್ತರದ ಉಂಗುರ; ಅದರೊಳಗೆ ಎಕ್ಸ್‌ರೇ ಟ್ಯೂಬು ಒಂದು ಬದಿ, ಕಿರಣ ಹಿಡಿಯುವ ಡಿಟೆಕ್ಟರು ಎದುರು ಬದಿ, ಎರಡೂ ಮಗುವಿನ ಸುತ್ತ ಗಿರ್ರನೆ ತಿರುಗುತ್ತವೆ. ಟೆಕ್ನೀಷಿಯನ್ ಅಜ್ಜಿಯನ್ನು ಬಾಗಿಲಲ್ಲೇ ತಡೆದರು. “ಅಜ್ಜಿ, ನೀವು ಹೊರಗೆ ಕೂತ್ಕೊಳ್ಳಿ. ಅಮ್ಮ ಒಬ್ರೇ ಬರ್ಲಿ.” ಅಮ್ಮನಿಗೆ ಸೀಸದ ಏಪ್ರನ್ ತೊಡಿಸಿದರು. ಮಗುವಿಗೆ ಯಾಕಿಲ್ಲ ಎಂದು ಆಕೆ ಕೇಳಿದ್ದು ಸಹಜವೇ. ಕಿರಣ ಸುತ್ತಲಿಂದಲೂ ಬರುವ ಯಂತ್ರದಲ್ಲಿ ಸ್ಕ್ಯಾನಾಗುವ ಜಾಗದ ಮೇಲೆ ಸೀಸ ಹೊದಿಸಿದರೆ ಚಿತ್ರ ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಸ್ವಯಂ ನಿಯಂತ್ರಣದ ಯಂತ್ರ ಆ ಸೀಸವನ್ನು ದಪ್ಪ ಮೈ ಎಂದು ತಿಳಿದು ಕಿರಣ ಏರಿಸಲೂಬಹುದು. ಮಗುವಿಗೆ ಇಲ್ಲಿ ರಕ್ಷಣೆ ಬರುವುದು ಯಂತ್ರದ ಹೊಂದಿಕೆಯಿಂದಲೇ.

ಮಗುವನ್ನು ಮಲಗಿಸುವುದಕ್ಕೆ ಸ್ಕ್ಯಾನಿಗಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಹಿಡಿಯಿತು. ಹಾಗೆ ಹಿಡಿಯಬೇಕಾದದ್ದೇ. ಎಳೆಗೂಸಾದರೆ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಹತ್ತಿಸಿ ಮಲಗಿಸುತ್ತಾರೆ. ದೊಡ್ಡ ಮಕ್ಕಳಿಗೆ ಮಾತಾಡಿ ಮಾತಾಡಿ ಧೈರ್ಯ ತುಂಬುತ್ತಾರೆ. ಸಾಗದಿದ್ದರೆ ಮಾತ್ರ ನಿದ್ದೆಯ ಔಷಧ. ಮಗು ಅಲುಗಾಡಿ ಚಿತ್ರ ಕದಡಿದರೆ ಮತ್ತೆ ತೆಗೆಯಬೇಕು, ಡೋಸ್ ಎರಡರಷ್ಟಾಗುತ್ತದೆ. ಆಯಾ ಸುತ್ತಿದ ಆ ಬಟ್ಟೆಯನ್ನು ಯಾವ ದುಬಾರಿ ತಂತ್ರಾಂಶಕ್ಕೂ ಕಡಿಮೆಯಿಲ್ಲದ ವಿಕಿರಣ ರಕ್ಷಣೆ ಎಂದೇ ನಾನು ಎಣಿಸುತ್ತೇನೆ.

ಮಲಗಿಸಿದ ಮೇಲೆ ಟೆಕ್ನೀಷಿಯನ್ ಮೇಜಿನ ಎತ್ತರವನ್ನು ಕೆಂಪು ಲೇಸರ್ ಗೆರೆಗೆ ಹೊಂದಿಸತೊಡಗಿದರು. ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ. ಇಷ್ಟು ಕೂದಲೆಳೆಯ ಎಚ್ಚರ ಯಾಕೆಂದು ಕೇಳಿದೆ. ಸ್ಕ್ಯಾನಿಗೆ ಮುಂಚೆ ‘ಸ್ಕೌಟ್’ ಎಂಬ ಚಪ್ಪಟೆ ಚಿತ್ರವೊಂದನ್ನು ತೆಗೆಯುತ್ತಾರೆ. ಅದರಿಂದಲೇ ಯಂತ್ರ ಮೈಯ ದಪ್ಪ ಅಂದಾಜು ಮಾಡಿ ಎಲ್ಲಿ ಎಷ್ಟು ಕಿರಣ ಬಿಡಬೇಕೆಂದು ನಿರ್ಧರಿಸುತ್ತದೆ. ಮಗು ಟ್ಯೂಬಿಗೆ ಹತ್ತಿರವಾದರೆ ನೆರಳು ದೊಡ್ಡದಾಗಿ ಬೀಳುತ್ತದೆ. ಇದು ದಪ್ಪ ಮಗು ಎಂದುಕೊಂಡು ಯಂತ್ರ ಕಿರಣ ಏರಿಸುತ್ತದೆ. ಟ್ಯೂಬಿನ ಬಾಯಲ್ಲಿರುವ, ನಡುವೆ ತೆಳುವಾಗಿ ಅಂಚಿಗೆ ದಪ್ಪವಾಗಿರುವ ‘ಬೋ-ಟೈ’ ಶೋಧಕವೂ ಮೈ ಸರಿಯಾಗಿ ನಡುವೆ ಇದ್ದರೆ ಮಾತ್ರ ಕೆಲಸಕ್ಕೆ ಬರುವಂಥದ್ದು. ಎದೆಯ ಸ್ಕೌಟನ್ನು ಇಲ್ಲಿ ಟ್ಯೂಬನ್ನು ಬೆನ್ನ ಕೆಳಗಿಟ್ಟು ತೆಗೆಯುತ್ತಾರೆ, ಮುಂಬದಿಯ ಥೈರಾಯ್ಡಿಗೂ ಎದೆಯ ಅಂಗಾಂಶಕ್ಕೂ ಕಡಿಮೆ ಬೀಳಲೆಂದು. ಇವೆಲ್ಲ ಕೈಯ ಕೆಲಸಗಳು. ಹೊಸ ಯಂತ್ರ ಕೊಂಡ ಮಾತ್ರಕ್ಕೆ ತಾನಾಗಿ ಬರುವುದಿಲ್ಲ.

ಸೀಸದ ಗಾಜಿನ ಈಚೆಗೆ ಕನ್ಸೋಲ್ ಕೋಣೆ. ಪರದೆಯಲ್ಲಿ ಎರಡು ಅಂಕಿಗಳು ಎದ್ದು ಕಾಣುತ್ತವೆ: ಕಿರಣದ ತೀಕ್ಷ್ಣತೆಗೆ ಕೆವಿ, ಪ್ರಮಾಣಕ್ಕೆ ಎಂಎಎಸ್. ಎಂಎಎಸ್ ಅರ್ಧಕ್ಕಿಳಿಸಿದರೆ ಡೋಸ್ ನೇರ ಅರ್ಧಕ್ಕಿಳಿಯುತ್ತದೆ. ಕೆವಿಯ ಗುಣ ಬೇರೆ. ದೊಡ್ಡವರ 120ರಿಂದ 80ಕ್ಕಿಳಿಸಿದರೆ, ಎಂಎಎಸ್ ಮುಟ್ಟದಿದ್ದರೂ ಡೋಸ್ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ರಕ್ತನಾಳಕ್ಕೆ ಅಯೋಡಿನ್ ಔಷಧ ಕೊಟ್ಟು ಮಾಡುವ ಸ್ಕ್ಯಾನಿನಲ್ಲಿ ಕೆವಿ ಇಳಿದಷ್ಟೂ ಅಯೋಡಿನ್ ಹೆಚ್ಚು ಬೆಳ್ಳಗೆ ಹೊಳೆಯುತ್ತದೆ. ಮಕ್ಕಳ ಹೃದಯದ ಸ್ಕ್ಯಾನಿಗೆ ಎರಡು ಕಡೆಯಿಂದಲೂ ಲಾಭ. ದೊಡ್ಡವರಿಗೆ ಔಷಧಕ್ಕೆ ಮುಂಚೆ ಒಮ್ಮೆ, ಔಷಧ ಕೊಟ್ಟು ಒಮ್ಮೆ, ತಡೆದು ಮತ್ತೊಮ್ಮೆ ತೆಗೆಯುವ ರೂಢಿಯನ್ನು ಮಕ್ಕಳಿಗೆ ತರಬೇಕಾಗಿಲ್ಲ. ಬಹುಪಾಲು ಒಂದೇ ಸುತ್ತು ಸಾಕು. ಈ ಮಾತನ್ನು ಊರೂರಿಗೆ ಮುಟ್ಟಿಸಲೆಂದೇ 2008ರಲ್ಲಿ ಅಮೆರಿಕದಲ್ಲಿ ‘ಇಮೇಜ್ ಜೆಂಟ್ಲಿ’ ಚಳವಳಿ ಶುರುವಾಯಿತು.

ಸ್ಕ್ಯಾನ್ ಮುಗಿಯಿತು. ನಾನು ಕಾಯುತ್ತಿದ್ದ ಚಿಕ್ಕ ಪಟ್ಟಿ ಪರದೆಯಲ್ಲಿ ಮೂಡಿತು. ಸಿಟಿಡಿಐ ಇಷ್ಟು ಮಿಲಿಗ್ರೇ, ಡಿಎಲ್‌ಪಿ ಇಷ್ಟು. ಡಿಎಲ್‌ಪಿ ಎಂದರೆ ಮೊದಲಿನ ಅಂಕಿಯನ್ನು ಸ್ಕ್ಯಾನಾದ ಉದ್ದದಿಂದ ಗುಣಿಸಿದ್ದು. ಇದೇ ತಾನೆ ಮಗುವಿಗೆ ತಗಲಿದ ಡೋಸ್ ಎಂದೆ. ಬಹಳಷ್ಟು ವೈದ್ಯರೂ ಹಾಗೇ ತಿಳಿದಿರುತ್ತಾರಂತೆ. ಆಸ್ಪತ್ರೆಯ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಮೆಡಿಕಲ್ ಫಿಸಿಸಿಸ್ಟ್ ಮೇಡಂ “ಬನ್ನಿ, ತೋರಿಸ್ತೀನಿ” ಎಂದು ಹಿಂದಿನ ಕಪಾಟಿನ ಬೀಗ ತೆಗೆದರು.

ಕಪಾಟಿನಲ್ಲಿ ಎರಡು ಪಾರದರ್ಶಕ ಅಕ್ರಿಲಿಕ್ ದುಂಡುಗಳು. ಒಂದರ ಅಡ್ಡಳತೆ 16 ಸೆಂಟಿಮೀಟರ್, ಇನ್ನೊಂದರದು 32. ಎತ್ತಿ ನೋಡಿದೆ, ದೊಡ್ಡದು ಕೈಯಲ್ಲಿ ನಿಲ್ಲದಷ್ಟು ಭಾರ. ಎರಡರಲ್ಲೂ ನಡುವೆ ಒಂದು, ಅಂಚಿಗೆ ನಾಲ್ಕು ತೂತು. ಆ ತೂತುಗಳಲ್ಲಿ 10 ಸೆಂಟಿಮೀಟರ್ ಉದ್ದದ ಪೆನ್ಸಿಲಿನಂಥ ಅಳತೆ ಕೊಳವೆ ತೂರಿಸಿ ವಿಕಿರಣ ಅಳೆಯುತ್ತಾರೆ. ನಡುವಿನ ಅಳತೆಯ ಮೂರನೆಯ ಒಂದು ಪಾಲು, ಅಂಚಿನ ಸರಾಸರಿಯ ಮೂರನೆಯ ಎರಡು ಪಾಲು ಸೇರಿಸಿ, ಯಂತ್ರದ ಸುತ್ತುಗಳ ನಡುವಿನ ಅಂತರಕ್ಕೆ ಹೊಂದಿಸಿದರೆ ಪರದೆಯ ಸಿಟಿಡಿಐ ಬರುತ್ತದೆ. ಪರದೆಯಲ್ಲಿ ಕಂಡದ್ದು ಈ ಪ್ಲಾಸ್ಟಿಕ್ ದುಂಡಿನ ಡೋಸ್. ಅಂಗಡಿಯ ಗೊಂಬೆಯ ಅಳತೆ ಹಿಡಿದು ಮಗುವಿಗೆ ಅಂಗಿ ಹೊಲಿದ ಹಾಗೆ.

ಮೇಡಂ ಕಾಗದದ ಮೇಲೆ ಲೆಕ್ಕ ಬಿಡಿಸಿದರು. ಪುಟ್ಟ ಮಗುವೊಂದರ ಹೊಟ್ಟೆ ಮುಂದಿನಿಂದ ಹಿಂದಕ್ಕೆ 12.5 ಸೆಂಟಿಮೀಟರ್, ಪಕ್ಕದಿಂದ ಪಕ್ಕಕ್ಕೆ 18 ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 15. ಅಷ್ಟು ಅಡ್ಡಳತೆಯ ಮೈಗೆ ಯಂತ್ರ 32ರ ದುಂಡಿನ ಲೆಕ್ಕದಲ್ಲಿ 3 ಮಿಲಿಗ್ರೇ ಎಂದು ತೋರಿಸಿದೆ. ಅಮೆರಿಕದ ಮೆಡಿಕಲ್ ಫಿಸಿಸಿಸ್ಟರ ಸಂಘ 2011ರ ತನ್ನ 204ನೆಯ ವರದಿಯಲ್ಲಿ ಕೊಟ್ಟ ಕೋಷ್ಟಕದಲ್ಲಿ 15ರ ಎದುರು 2.14 ಎಂದಿದೆ. ಗುಣಿಸಿದರೆ 6.4 ಮಿಲಿಗ್ರೇ. ಮೈಯಳತೆಗೆ ತಕ್ಕಂತೆ ತಿದ್ದಿದ ಈ ಅಂದಾಜಿಗೆ ಎಸ್‌ಎಸ್‌ಡಿಇ ಎಂದು ಹೆಸರು. ಪರದೆ ಹೇಳಿದ್ದರ ಎರಡು ಪಟ್ಟಿಗಿಂತ ಹೆಚ್ಚು! ಮಗು ಎಷ್ಟು ಚಿಕ್ಕದೋ ಅಷ್ಟು ದೊಡ್ಡ ಗುಣಕ. ಎದೆಯ ವಿಷಯದಲ್ಲಿ ಹೊರಗಿನ ಅಳತೆಯೂ ಸಾಲದು, ಶ್ವಾಸಕೋಶದ ಗಾಳಿ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆಂದು 2014ರಲ್ಲಿ, ಅಷ್ಟೇ ಕಿರಣ ತಡೆಯುವ ನೀರಿನ ದುಂಡಿನ ಅಡ್ಡಳತೆಯನ್ನು ಲೆಕ್ಕಕ್ಕೆ ಹಿಡಿಯುವ ಕ್ರಮ ಬಂತು.

“ಇನ್ನೊಂದು ತೊಡಕಿದೆ” ಎಂದರು. ಮಕ್ಕಳ ಹೊಟ್ಟೆಯ ಸ್ಕ್ಯಾನಿಗೆ ಕೆಲವು ಯಂತ್ರಗಳು 16ರ ದುಂಡನ್ನೂ ಕೆಲವು 32ರದನ್ನೂ ಆಧಾರವಾಗಿಟ್ಟುಕೊಂಡಿವೆ. ಒಂದೇ ಮಗುವಿಗೆ ಅಷ್ಟೇ ಕಿರಣ ಬಿಟ್ಟರೂ ಒಂದರಲ್ಲಿ ಇನ್ನೊಂದರ ಸುಮಾರು ಇಮ್ಮಡಿ ಅಂಕಿ ಬರುತ್ತದೆ. ಯಾವ ದುಂಡು ಎಂದು ನೋಡದೆ ಎರಡು ಆಸ್ಪತ್ರೆಗಳ ಡೋಸ್ ಹೋಲಿಸುವವರು ತಪ್ಪು ದಾರಿ ಹಿಡಿಯುತ್ತಾರೆ.

ಕೊನೆಗೆ ಮಿಲಿಸೀವರ್ಟ್ ಲೆಕ್ಕ. ಇದು ಬೇರೆ ಬೇರೆ ಪರೀಕ್ಷೆಗಳನ್ನು ಪರಸ್ಪರ ತೂಗಲು ಬಳಸುವ ಅಂಕಿ. ತಲೆಯ ಸ್ಕ್ಯಾನಿನ ಡಿಎಲ್‌ಪಿ 350 ಎಂದಾದರೆ ದೊಡ್ಡವರಿಗೆ 0.0021ರಿಂದ ಗುಣಿಸಬೇಕು, ಸುಮಾರು 0.7 ಮಿಲಿಸೀವರ್ಟ್. ಒಂದು ವರ್ಷದ ಕೂಸಿಗೆ ಗುಣಕ 0.0067, ಅಲ್ಲಿಗೆ ಸುಮಾರು 2.3. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ಸಿಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4. ಯಂತ್ರದಲ್ಲಿ ಒಂದೇ ಅಂಕಿ ಬಂದರೂ ಕೂಸಿನ ಪಾಲಿಗೆ ಅದು ಮೂರು ಪಟ್ಟು. ಹಾಗೆಂದು ಈ ಮಿಲಿಸೀವರ್ಟಿನಿಂದ ‘ಇಂಥ ಮಗುವಿಗೆ ಇಷ್ಟು ಅಪಾಯ’ ಎಂದು ಭವಿಷ್ಯ ಹೇಳಬಾರದು, ಅದಕ್ಕಾಗಿ ಮಾಡಿದ ಲೆಕ್ಕ ಇದಲ್ಲ ಎಂದು ಮೇಡಂ ಖಡಾಖಂಡಿತವಾಗಿ ಹೇಳಿದರು.

ಪಕ್ಕದ ಕತ್ತಲೆ ಕೋಣೆಯಲ್ಲಿ ರೇಡಿಯಾಲಜಿಸ್ಟರು ಚಿತ್ರ ಓದುತ್ತಾರೆ. ಡೋಸ್ ಎಷ್ಟು ಇಳಿಸಬಹುದು ಎಂಬುದು ನಿಜವಾಗಿ ತೀರ್ಮಾನವಾಗುವುದು ಇವರ ಕಣ್ಣಿನಲ್ಲಿ. ಡೋಸ್ ಅರ್ಧವಾದರೆ ಚಿತ್ರದ ಮರಳುಮರಳು ಶೇ. 40ರಷ್ಟು ಹೆಚ್ಚುತ್ತದೆ. ಅದನ್ನು ಸಹಿಸುವ ಮನಸ್ಸಿದ್ದರೆ ಮಾತ್ರ ಡೋಸ್ ಇಳಿಯುತ್ತದೆ. ಹಿರಿಯ ವೈದ್ಯೆಯೊಬ್ಬರು ತಲೆಯ ಒಂದು ಮಂಕು ಚಿತ್ರ ತೋರಿಸಿದರು. ಮೆದುಳಿನಲ್ಲಿ ನೀರು ತುಂಬಿ ಶಂಟ್ ಕೊಳವೆ ಹಾಕಿಸಿಕೊಂಡ ಮಗು. ಇಂಥ ಮಕ್ಕಳಿಗೆ ತಲೆನೋವು, ವಾಂತಿ ಬಂದಾಗಲೆಲ್ಲ ಕೊಳವೆ ಕಟ್ಟಿತೇ ಎಂದು ಸ್ಕ್ಯಾನ್ ಮಾಡುತ್ತಾರೆ; ಬಾಲ್ಯ ಮುಗಿಯುವುದರೊಳಗೆ ಎಷ್ಟೋ ಸ್ಕ್ಯಾನ್‌ಗಳಾಗಿರುತ್ತವೆ. “ನಮಗೆ ಬೇಕಿರೋದು ನೀರಿನ ಕೋಣೆಗಳು ದೊಡ್ಡದಾಗಿವೆಯಾ, ಕೊಳವೆ ಎಲ್ಲಿದೆ ಅಂತ. ಅದಕ್ಕೆ ಇಷ್ಟು ಸಾಕು. ಚೆಂದದ ಚಿತ್ರ ಯಾಕೆ?” ಫಿಟ್ಸ್ ಬಂದು, ಮೆದುಳಲ್ಲಿ ಲಾಡಿಹುಳುವಿನ ಗಂಟು ಸಿಕ್ಕ ಮಕ್ಕಳದೂ ಇದೇ ಕಥೆ. ನಮ್ಮ ದೇಶದಲ್ಲಿ ಮಕ್ಕಳ ಫಿಟ್ಸಿಗೆ ಇದು ಸಾಮಾನ್ಯ ಕಾರಣಗಳಲ್ಲೊಂದು. ಗಂಟು ಕರಗಿತೇ ಎಂದು ಮತ್ತೆ ನೋಡಲೇಬೇಕು. ಆಗ ಎಂಆರ್‌ಐ ಸಿಗುವಲ್ಲಿ ಎಂಆರ್‌ಐ, ಇಲ್ಲದಲ್ಲಿ ಗಂಟಿರುವಷ್ಟು ಜಾಗಕ್ಕೆ ಮಾತ್ರ ಸಿ.ಟಿ.

ಚಿತ್ರ ಕಟ್ಟುವ ಗಣಿತದಲ್ಲಿ ನಮ್ಮ ಊರಿನ ಪಾಲಿದೆ ಎನ್ನುವುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡರ ಯಂತ್ರ ಮೊದಲ ರೋಗಿಯ ತಲೆ ಸ್ಕ್ಯಾನ್ ಮಾಡಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್, ನೆರಳುಗಳಿಂದ ಒಳಗಿನ ರೂಪವನ್ನು ಮರಳಿ ಕಟ್ಟುವ ವೇಗದ ಲೆಕ್ಕವೊಂದನ್ನು ಪ್ರಕಟಿಸಿದರು. ಅವರ ಶೋಧಕಕ್ಕೆ ಜಗತ್ತಿನಾದ್ಯಂತ ಇಂದಿಗೂ ‘ರಾಮ್-ಲಾಕ್’ ಎಂದೇ ಹೆಸರು. ದಶಕಗಳ ಕಾಲ ಸಿ.ಟಿ. ಯಂತ್ರಗಳು ನಡೆದದ್ದು ಆ ಜಾಡಿನ ಲೆಕ್ಕದ ಮೇಲೆ. ಈಚಿನ ಯಂತ್ರಗಳು ಚಿತ್ರವನ್ನು ಮತ್ತೆ ಮತ್ತೆ ತಿದ್ದಿ ಕಟ್ಟುತ್ತವೆ, ಹಾಗಾಗಿ ಕಡಿಮೆ ಕಿರಣದಲ್ಲೂ ಮರಳು ಕಡಿಮೆ.

ಕೊನೆಯದು ರಿಪೋರ್ಟ್ ಕೊಡುವ ಕಿಟಕಿ. ಇಲ್ಲಿ ಕೊಡುವ ರಿಪೋರ್ಟಿನ ತಳದಲ್ಲಿ ಸಿಟಿಡಿಐ, ಡಿಎಲ್‌ಪಿ, ಯಾವ ದುಂಡಿನ ಲೆಕ್ಕ ಎಂಬ ಒಂದು ಸಾಲು ಇರುತ್ತದೆ. ಎಲ್ಲ ಕಡೆ ಹೀಗಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಆಸ್ಪತ್ರೆಯಲ್ಲಿ ಎರಡೂವರೆ ವರ್ಷದೊಳಗಿನ ಮಗುವಿಗೆ ಒಂದು ತಾಸಿಗೂ ಹೆಚ್ಚು ಹೊತ್ತು, ಒಂದೇ ಜಾಗದಲ್ಲಿ 151 ಬಾರಿ ಸ್ಕ್ಯಾನಾಯಿತು. ಅಂಥ ಘಟನೆಗಳ ಬಳಿಕ ಆ ರಾಜ್ಯ 2010ರಲ್ಲಿ ಕಾಯ್ದೆ ತಂದು, 2012ರಿಂದ ಪ್ರತಿ ಸಿ.ಟಿ. ರಿಪೋರ್ಟಿನಲ್ಲೂ ಡೋಸ್ ದಾಖಲಿಸಬೇಕೆಂದು ವಿಧಿಸಿತು. ನಮ್ಮಲ್ಲಿ ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಟ್ಟು ಚುಚ್ಚುಮದ್ದು, ತೂಕ ಎಲ್ಲ ಬರೆದಿಡುವ ರೂಢಿ ಚೆನ್ನಾಗಿ ಬೇರೂರಿದೆ. ಮಗುವಿಗಾದ ಪ್ರತಿ ಸ್ಕ್ಯಾನಿನ ದಿನಾಂಕ ಮತ್ತು ಡೋಸ್‌ಗೂ ಅಂಥ ಒಂದು ಕಾರ್ಡಿನಲ್ಲಿ ಜಾಗ ಸಿಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಊರಿನಲ್ಲಿ ತೆಗೆಸಿದ ಸ್ಕ್ಯಾನಿನ ಸಿ.ಡಿ. ತಾರದ ಕಾರಣಕ್ಕೆ ಇಲ್ಲಿ ಮತ್ತೆ ಸ್ಕ್ಯಾನಾಗುವ ಮಕ್ಕಳಿದ್ದಾರೆ. ಆ ಎರಡನೆಯ ಡೋಸ್‌ಗೆ ಯಾವ ವೈದ್ಯಕೀಯ ಕಾರಣವೂ ಇಲ್ಲ.

ಹೊರಡುವ ಮುನ್ನ ಫಿಸಿಸಿಸ್ಟ್ ಮೇಡಂ ತಮ್ಮ ಮಾಸಿಕ ಪಟ್ಟಿ ತೆರೆದರು. ತಲೆ, ಎದೆ, ಹೊಟ್ಟೆ. ತಲೆಗೆ ವಯಸ್ಸಿನ ಗುಂಪು, ಎದೆ-ಹೊಟ್ಟೆಗೆ ತೂಕದ ಗುಂಪು. ಪಕ್ಕದಲ್ಲಿ ಯುರೋಪಿನ 2018ರ ಉಲ್ಲೇಖ ಮಟ್ಟಗಳು: ತಲೆಗೆ ಮೂರು ತಿಂಗಳಿಂದ ಒಂದು ವರ್ಷದೊಳಗೆ 28 ಮಿಲಿಗ್ರೇ, ಒಂದರಿಂದ ಆರರೊಳಗೆ 40, ಆರರ ಮೇಲೆ 50. ಇವು ದಾಟಬಾರದ ಮಿತಿಗಳಲ್ಲ. ಪದೇ ಪದೇ ದಾಟಿದರೆ ಯಾಕೆಂದು ಹುಡುಕಬೇಕಾದ ಗೆರೆಗಳು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಅತಿ ಹೆಚ್ಚು ಡೋಸ್ ಬೀಳುವ ಮೇಲಿನ ಕಾಲುಭಾಗದ ಸ್ಕ್ಯಾನ್‌ಗಳನ್ನು ನಡುಮಟ್ಟಕ್ಕೆ ತಂದರೇ ಸಾಕು, ಮಕ್ಕಳ ಸಿ.ಟಿ.ಯಿಂದ ಮುಂದೆ ಬರಬಹುದಾದ ಕ್ಯಾನ್ಸರ್‌ಗಳಲ್ಲಿ ಶೇ. 43ರಷ್ಟನ್ನು ತಡೆಯಬಹುದು. ಪಟ್ಟಿ ಇಡುವುದು ಆ ಕಾಲುಭಾಗವನ್ನು ಹಿಡಿಯಲು.

ಅವರ ಪಟ್ಟಿಯಲ್ಲಿ ಒಂದರಿಂದ ಆರು ವರ್ಷದವರ ತಲೆಯ ಸ್ಕ್ಯಾನ್‌ಗಳಲ್ಲಿ ರಾತ್ರಿ ಪಾಳಿಯವು ಹಗಲಿನವಕ್ಕಿಂತ ಮೇಲಿದ್ದವು. ಕಾರಣ ಆಗಲೇ ಸಿಕ್ಕಿದೆ. ಅಪಘಾತದ ಮಗು ಬಂದಾಗ ಅವಸರದಲ್ಲಿ ಪರದೆಯ ಮೊದಲ ಸಾಲಿನಲ್ಲಿದ್ದ ದೊಡ್ಡವರ ಕ್ರಮವನ್ನೇ ಒತ್ತಿಬಿಡುತ್ತಿದ್ದರು. ಈಗ ಆ ಸಾಲನ್ನು ಕೆಳಗಿಳಿಸಿ, ಮಕ್ಕಳ ಕ್ರಮಗಳನ್ನು ವಯಸ್ಸಿನ ಪ್ರಕಾರ ಮೇಲೆ ತಂದು, ಪ್ರತಿಯೊಂದಕ್ಕೂ ಡೋಸ್ ಗೆರೆ ದಾಟಿದರೆ ಎಚ್ಚರಿಸುವ ಸೂಚನೆ ಕೂರಿಸಿದ್ದಾರೆ. ರಾತ್ರಿ ಪಾಳಿಯ ಟೆಕ್ನೀಷಿಯನ್ನರನ್ನು ಸಂಜೆ ಆರಕ್ಕೆ ಬರಹೇಳಿ, 16ರ ದುಂಡನ್ನು ಯಂತ್ರದಲ್ಲಿಟ್ಟು ಹಳೆಯ ಕ್ರಮದಲ್ಲಿ ಎಷ್ಟು, ಹೊಸದರಲ್ಲಿ ಎಷ್ಟು ಎಂದು ಅವರ ಕೈಯಲ್ಲೇ ಅಳೆಸುತ್ತಾರಂತೆ. ಮುಂದಿನ ತಿಂಗಳ ಪಟ್ಟಿಯಲ್ಲಿ ರಾತ್ರಿಯ ಅಂಕಿ ಇಳಿಯದಿದ್ದರೆ ಒಂದೊಂದೇ ಸ್ಕ್ಯಾನ್ ತೆಗೆದು ಮತ್ತೆ ನೋಡುವುದಾಗಿ ಹೇಳಿ ಮೇಡಂ ದುಂಡನ್ನು ಟ್ರಾಲಿಗೆ ಹಾಕಿಸಿದರು.